ಕಾಯಿ ಹಾಕದ ಪದಾರ್ಥ

ಅಥವಾ ಅದು ಭಾನುವಾರವೇ ಆಗಿರಲಿಕ್ಕಿಲ್ಲ. ಇಷ್ಟು ವರ್ಷ ನನಗೆ ನಾನೇ ಭಾನುವಾರ ಎಂದು ಹೇಳಿಕೊಂಡು ಬಂದದ್ದರಿಂದ ಅದು ಭಾನುವಾರವಾಗಿದೆ, ಅಷ್ಟೆ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು ಎಂದೂ ನೆನಪು. ಆದರೆ ಆ ಅಡುಗೆಮನೆಗೆ ಇದ್ದ ಒಂದೇ ಕಿಟಕಿ ಬಚ್ಚಲಿನ ಕಡೆಗೆ ತೆರೆಯುತ್ತಿತ್ತು, ಅಲ್ಲಿಂದ ಬಿಸಿಲು ಬರುವ ಹಾಗೆಯೇ ಇರಲಿಲ್ಲ. ಹಾಗಾಗಿ ಕಿಟಕಿಯನ್ನು ಬಿಡುತ್ತೇನೆ. ದೊಡ್ಡ ಅಲ್ಯುಮಿನಿಯಂ ಪಾತ್ರೆ ಇತ್ತು, ಅದರೊಳಗೆ ಅನ್ನಕ್ಕೆ ಕಲಸುವ ಕೆಂಪು ಪದಾರ್ಥ ಇತ್ತು, ಪಕ್ಕದಲ್ಲಿ ಅವಳು ನಿಂತಿದ್ದಳು. ಇಷ್ಟು ಖಂಡಿತ.

ಅವಳು ಸತ್ತ ಸುದ್ದಿ ಹೋದ ವಾರ ವಾಟ್ಸಾಪಿನಲ್ಲಿ ಬಂತು. ಪುತ್ತೂರಿನ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷಗಳ ಹಿಂದೆ ಒಟ್ಟಿಗೆ ಇದ್ದವರ ಗುಂಪು ಅದು. ಸಾಮಾನ್ಯವಾಗಿ ಹಬ್ಬದ ಶುಭಾಶಯ, ಮಕ್ಕಳ ಫೋಟೊ, ಮೊಣಕಾಲು ನೋವಿನ ಔಷಧಿ ಬಿಟ್ಟು ಬೇರೇನೂ ಬರುವುದಿಲ್ಲ. ಸುದ್ದಿ ಹಾಕಿದವಳು ಪ್ರಮೀಳಾ, ಆಗ ನನ್ನ ರೂಮಿನಲ್ಲಿದ್ದವಳು. 'ನಮ್ಮ ಕುವೈತಕ್ಕ ಇನ್ನಿಲ್ಲ. ತಾಯಿಯಂತೆ ಬಡಿಸಿದ ಕೈ' ಎಂದು ಬರೆದು ಕೈಮುಗಿದ ಚಿತ್ರ ಹಾಕಿದ್ದಳು. ಕೆಳಗೆ ಸಾಲಾಗಿ ಉಳಿದವರು. ಅನ್ನಪೂರ್ಣೆ. ಎಂಥ ಮನಸ್ಸು. ಅಂಥವರು ಈಗ ಸಿಗುವುದಿಲ್ಲ.

ಸಿಗದಿದ್ದರೆ ಒಳ್ಳೆಯದು. ನಮ್ಮಲ್ಲಿ ಒಬ್ಬಳನ್ನಾದರೂ ಅಳಿಸದೆ ಅವಳು ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ.

ಎದುರಿಗೆ ಅಕ್ಕ, ಹಿಂದಿನಿಂದ ಕುವೈತಕ್ಕ. ನಿಜವಾದ ಹೆಸರು ನನಗೆ ಗೊತ್ತಿತ್ತು, ಇಲ್ಲಿ ಬರೆಯುವುದಿಲ್ಲ. 'ಅವರು' ಎಂದೂ ಬರೆಯುವುದಿಲ್ಲ. ಬದುಕಿದ್ದಾಗ ಬೆನ್ನ ಹಿಂದೆ 'ಅವಳು' ಎಂದವರು ನಾವು. ಸತ್ತ ಮೇಲೆ ಗೌರವ ಸೇರಿಸಿದರೆ ಲಾಭ ನಮಗೆ ಮಾತ್ರ.

ಸಂಪಾಜೆಯವಳು. ಕುವೈತಿನಲ್ಲಿ ಅಮೆರಿಕದವರ ಒಂದು ಮನೆಯಲ್ಲಿ ಹತ್ತೋ ಹನ್ನೊಂದೋ ವರ್ಷ ಅಡುಗೆ ಮಾಡಿ ಊರಿಗೆ ಬಂದಿದ್ದಳು. ಬಂದಾಗ ತಮ್ಮನ ಮನೆಯಲ್ಲಿ ಅವಳಿಗೆ ಜಾಗ ಇರಲಿಲ್ಲ. ಇದನ್ನು ಅವಳು ಗುಟ್ಟು ಮಾಡಿರಲಿಲ್ಲ. "ಅಲ್ಲಿಗೆ ಹೋದ್ರೆ ಹಟ್ಟಿಯಲ್ಲಿ ಮಲಗಬೇಕು, ದನದ ಒಟ್ಟಿಗೆ. ದನಕ್ಕಾದ್ರೂ ನನ್ನಿಂದ ಎಂತಕ್ಕೆ ಉಪದ್ರ ಆಗಬೇಕು?" ಎಂದು ಬಡಿಸುತ್ತಲೇ ಹೇಳುತ್ತಿದ್ದಳು. ಹಾಸ್ಟೆಲಿನ ಅಡುಗೆಮನೆಯ ಪಕ್ಕದಲ್ಲಿ ಅಕ್ಕಿ ಮೂಟೆ ಇಡುವ ಒಂದು ಕೋಣೆ ಇತ್ತು. ಅದರಲ್ಲಿ ಅವಳ ಮಂಚ, ಒಂದು ಟ್ರಂಕು, ಗೋಡೆಗೆ ಹೊಡೆದ ಎರಡು ಮೊಳೆ. ಅಷ್ಟೇ ಅವಳ ಮನೆ. ಹಾಸ್ಟೆಲಿನ ಒಡತಿ ನಿವೃತ್ತ ಶಾಲಾ ಟೀಚರು, ನಾವೂ ಅವರನ್ನು ಟೀಚರೆಂದೇ ಕರೆಯುತ್ತಿದ್ದೆವು. ಅವಳ ನಾಲಿಗೆಯ ಬಗ್ಗೆ ದೂರು ಹೋದಾಗ ಒಮ್ಮೆ ಅವರು ನಮ್ಮೆಲ್ಲರ ಎದುರಿಗೇ ಹೇಳಿದ್ದರು: "ಇನ್ನೊಂದು ದೂರು ಬಂದ್ರೆ ಟ್ರಂಕು ಕಟ್ಟಬೇಕು ನೋಡು, ಮತ್ತೆ ನನ್ನನ್ನು ಬೈಯಬೇಡ." ಹಾಗಾಗಿ ಅವಳ ಕೋಣೆ ನಮ್ಮ ಬಾಯಲ್ಲಿತ್ತು. ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳ ಮಾತು ಒಂದಿಷ್ಟೂ ಮೆತ್ತಗಾಗಲಿಲ್ಲ. ಅದನ್ನು ಧೈರ್ಯ ಎನ್ನಬೇಕೋ ಏನೋ. ಆಗ ನಾವು ಸೊಕ್ಕು ಎಂದೆವು.

ಎಡಗೈಯಲ್ಲಿ ಸೌಟು ಹಿಡಿಯುತ್ತಿದ್ದಳು. ಬಲಗೈ ಸೊಂಟದ ಮೇಲೆ. ಆ ಕೈಯಲ್ಲಿ ಒಂದು ವಾಚು, ಅದರಲ್ಲಿ ಕುವೈತಿನ ಸಮಯ. ಪ್ರಮೀಳಾ ಹೇಳುವ ಪ್ರಕಾರ ವಾಚೇ ಇರಲಿಲ್ಲ, ಅದು ಸುಟ್ಟ ಕಲೆ. ಮೊನ್ನೆ ಫೋನಿನಲ್ಲಿ ಇದರ ಬಗ್ಗೆ ಕಾಲು ಗಂಟೆ ಚರ್ಚೆ ಮಾಡಿದೆವು. ಅವಳು ಕಲೆಯ ಆಕಾರವನ್ನೂ ಹೇಳಿದಳು. ನಾನು ವಾಚಿನ ಪಟ್ಟಿಯ ಬಣ್ಣ ಹೇಳಿದೆ.

ತಟ್ಟೆಯಲ್ಲಿ ಬಿಡುವುದನ್ನು ಅವಳು ಸಹಿಸುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ದೋಸೆ ಬಿಟ್ಟರೆ ರಾತ್ರಿ ಅದೇ ಅರ್ಧ ದೋಸೆ ಅನ್ನದ ಬದಿಯಲ್ಲಿ ಬಂದು ಕೂರುತ್ತಿತ್ತು. "ಮಹಾರಾಣಿ ಬಂದ್ರು. ನಿಮ್ಮ ಸಾಮಾನು ಇಲ್ಲೇ ಮರೆತು ಹೋಗಿದ್ರಿ" ಎನ್ನುತ್ತಿದ್ದಳು. ಹೊಸದಾಗಿ ಸೇರಿದವರಿಗೆ ಇದು ತಮಾಷೆ. ಮೂರನೇ ಸಲ ತಮಾಷೆ ಇರುತ್ತಿರಲಿಲ್ಲ.

ಪ್ರಮೀಳಾ ಬೆಟ್ಟಂಪಾಡಿಯವಳು. ಆ ವರ್ಷ ಅವಳಿಗೆ ಗಂಡು ನೋಡುತ್ತಿದ್ದರು. ಪ್ರತಿ ಸಲ ಊರಿಗೆ ಹೋಗಿ ಸೀರೆ ಉಟ್ಟು ಕೂತು ಬರುವುದು, ಒಂದು ವಾರ ಫೋನಿಗೆ ಕಾಯುವುದು, ಆಮೇಲೆ ಏನೂ ಆಗದವಳಂತೆ ತಲೆ ಬಾಚಿಕೊಳ್ಳುವುದು. ಒಂದು ರಜೆಯ ದಿನ ಮಧ್ಯಾಹ್ನ ಊಟದ ಹಾಲಿನಲ್ಲಿ ಎಲ್ಲರೂ ಕೂತಿದ್ದಾಗ ಕುವೈತಕ್ಕ ಕೇಳಿದಳು: "ಎಂತ ಪ್ರಮೀಳಾ, ಈ ಸರ್ತಿಯವ ಊಟ ಮಾಡಿ ಹೋದನಾ, ಚಾ ಕುಡಿದು ಓಡಿದನಾ?"

"ಅವರಿಗೆ ಬೇರೆ ಕಡೆ ಹೋಗ್ಲಿಕ್ಕಿತ್ತು ಅಕ್ಕ."

"ಎಲ್ಲರಿಗೂ ಬೇರೆ ಕಡೆ ಹೋಗ್ಲಿಕ್ಕೆ ಇರ್ತದೆ. ನಿನ್ನನ್ನು ನೋಡಿದ ಮೇಲೆ ನೆನಪಾಗುದು."

ನಾವು ನಕ್ಕೆವು. ನಾನೂ ನಕ್ಕೆ. ಪ್ರಮೀಳಾ ತಟ್ಟೆ ಬಿಟ್ಟು ಎದ್ದಳು. ಮಧ್ಯಾಹ್ನದ ಆ ಅನ್ನ ಸಂಜೆ ಅವಳ ಮುಂದೆಯೇ ಬಂತು, ಒಗ್ಗರಣೆ ಹಾಕಿಸಿಕೊಂಡು.

ಆ ಕೆಂಪು ಪದಾರ್ಥಕ್ಕೆ ಅವಳು ಚಿಲ್ಲಿ ಎನ್ನುತ್ತಿದ್ದಳು. ಕುವೈತಿನ ಮೇಡಂ ಕಲಿಸಿದ್ದಂತೆ. ಮಾಡುವುದು ಬಹಳ ಸುಲಭ. ಕೆಂಪು ರಾಜ್ಮಾ ಹಿಂದಿನ ದಿನವೇ ನೆನೆಹಾಕಿ, ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸುವುದು. ಬೇರೆ ಪಾತ್ರೆಯಲ್ಲಿ ನೀರುಳ್ಳಿ, ತುಂಬಾ ಬೆಳ್ಳುಳ್ಳಿ ಹುರಿದು ಅದಕ್ಕೆ ಜೀರಿಗೆ ಪುಡಿ, ಬ್ಯಾಡಗಿ ಮೆಣಸಿನ ಪುಡಿ. ಆಮೇಲೆ ಟೊಮೆಟೊ, ಅದು ಕರಗಿ ಎಣ್ಣೆ ಬಿಡುವವರೆಗೆ. ಕಾಳು ಸೇರಿಸಿ ಉಪ್ಪು, ಒಂದು ಚೂರು ಬೆಲ್ಲ, ಅರ್ಧ ಚಮಚ ಕಾಫಿ ಪುಡಿ. ಸಣ್ಣ ಬೆಂಕಿಯಲ್ಲಿ ಒಂದು ಗಂಟೆ. ಮೇಡಂ ಮನೆಯಲ್ಲಿ ಕೊಚ್ಚಿದ ಮಾಂಸವೂ ಬೀಳುತ್ತಿತ್ತಂತೆ. ಹಾಸ್ಟೆಲಿನಲ್ಲಿ ಅರ್ಧಕ್ಕರ್ಧ ಜನ ತಿನ್ನದವರು, ಹಾಗಾಗಿ ಇಲ್ಲಿ ಬರೀ ಕಾಳು.

"ಇದರಲ್ಲಿ ಕಲಿಲಿಕ್ಕೆ ಎಂತ ಉಂಟು? ಕತ್ತೆಗೂ ಬರ್ತದೆ. ನಿಮಗೆ ಬರುದಿಲ್ಲ" ಎಂದು ಅವಳೇ ಹೇಳುತ್ತಿದ್ದಳು. ಕೊನೆಗೆ ಪ್ರತಿ ಸಲ ಒಂದೇ ಮಾತು, ಯಾರೇ ಎದುರಿಗೆ ಇರಲಿ: "ಕಾಯಿ ಹಾಕುದಿಲ್ಲ ತಾನೆ?"

ನಮ್ಮ ಕಡೆಯವರಿಗೆ ಇದು ಅರ್ಥವಾಗದ ಮಾತು. ಕಾಳು ಬೆಂದರೆ ಅದರ ಮೇಲೆ ಅರೆದ ತೆಂಗಿನಕಾಯಿ ಬೀಳಲೇಬೇಕು, ಇಲ್ಲದಿದ್ದರೆ ಅದು ಪದಾರ್ಥ ಹೇಗೆ? ಮೊದಲ ದಿನ ತಿಂದಾಗ ನಾವೆಲ್ಲ ಅಡುಗೆ ಇನ್ನೂ ಮುಗಿದಿಲ್ಲ ಅಂದುಕೊಂಡಿದ್ದೆವು. ಅವಳ ಲೆಕ್ಕ ಬೇರೆ ಇತ್ತು. ಕಾಯಿ ಬಿದ್ದದ್ದು ನಮ್ಮ ಸೆಕೆಗೆ ಮರುದಿನ ಹಳಸುತ್ತದೆ. ಕಾಯಿ ಬೀಳದಿದ್ದರೆ, ಬೆಳಿಗ್ಗೆ ಒಂದು ಕುದಿ ಸಂಜೆ ಒಂದು ಕುದಿ ಕೊಟ್ಟರೆ, ನಾಲ್ಕು ದಿನ ಎಳೆಯಬಹುದು. ಭಾನುವಾರ ಕುಚ್ಚಲಕ್ಕಿ ಅನ್ನಕ್ಕೆ. ಸೋಮವಾರ ಗಟ್ಟಿಯಾದದ್ದನ್ನು ದೋಸೆಯೊಳಗೆ ಸುತ್ತಿ ನಮ್ಮ ಡಬ್ಬಿಗೆ. ಮಂಗಳವಾರ ನೀರುಳ್ಳಿ ಹಾಕಿ ಬಾಣಲೆಯಲ್ಲಿ ಒಣಗಿಸಿ ಚಪಾತಿಗೆ. ಬುಧವಾರ ತಳಕ್ಕೆ ಹಿಡಿದದ್ದಕ್ಕೆ ನೀರು, ಹುಳಿ, ಒಗ್ಗರಣೆ. ಅದು ಸಾರು. ಮಂಗಳವಾರದ್ದು ನಿಜಕ್ಕೂ ರುಚಿ. ಅದನ್ನು ಅವಳೆದುರು ಯಾರೂ ಒಪ್ಪಲಿಲ್ಲ.

ಒಮ್ಮೆ ನಾನು ಕೇಳಿದ್ದೆ, ಅಮೆರಿಕದವರೂ ಹೀಗೆ ನಾಲ್ಕು ದಿನ ತಿನ್ನುತ್ತಾರಾ ಎಂದು.

"ಅವರು ಒಂದು ದಿನ ತಿನ್ನುದು. ಉಳಿದ ಮೂರು ದಿನ ನಾನು."

ಅವಳ ಮುಖದಲ್ಲಿ ದುಃಖ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ನನ್ನ ತಟ್ಟೆ ನೋಡುತ್ತಿದ್ದಳು, ಎಷ್ಟು ಬಿಟ್ಟಿದ್ದೇನೆ ಎಂದು.

ಈಗ ಉಪ್ಪಿನಕಾಯಿ. ಇದನ್ನು ಹೇಳದೆ ಮುಂದೆ ಹೋಗಲು ಬರುವುದಿಲ್ಲ.

ನಾನು ಆಗ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಆ ವರ್ಷ ಬೇಸಿಗೆಗೆ ಮೊದಲು ನನ್ನ ಅಮ್ಮ ತೀರಿಕೊಂಡಿದ್ದಳು. ಅವಳು ಹಾಕಿದ ಕೊನೆಯ ಮಾವಿನ ಮಿಡಿಯ ಒಂದು ಭರಣಿ ನನ್ನಲ್ಲಿತ್ತು. ಹಾಸ್ಟೆಲಿನ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅದನ್ನು ಇಟ್ಟಿದ್ದೆ. ತಿನ್ನುತ್ತಿರಲಿಲ್ಲ. ಆಗಾಗ ಮುಚ್ಚಳ ತೆಗೆದು ವಾಸನೆ ನೋಡಿ ಮುಚ್ಚುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಭರಣಿ ತೊಳೆದು ಬೋರಲು ಹಾಕಿತ್ತು.

"ಅಕ್ಕ, ಇದರಲ್ಲಿದ್ದದ್ದು?"

"ಬೂಷ್ಟು ಹಿಡಿದಿತ್ತು. ಬಿಸಾಡಿದೆ."

"ಅದು ಅಮ್ಮ ಹಾಕಿದ್ದು."

"ಗೊತ್ತುಂಟು. ಸತ್ತವರ ಉಪ್ಪಿನಕಾಯಿ ಎಷ್ಟು ಸಮಯ ಅಂತ ಮೂಸುದು? ತಿನ್ನಬೇಕಿತ್ತು. ತಿನ್ನಲಿಲ್ಲ."

ಅರ್ಧ ದೋಸೆಯನ್ನು ಬಿಸಾಡದವಳು. ಪಾತ್ರೆಯ ತಳ ಕೆರೆದು ಸಾರು ಮಾಡುವವಳು. ಮೇಲಿನ ಒಂದು ಪದರ ತೆಗೆದು ಎಣ್ಣೆ ಕಾಯಿಸಿ ಹಾಕಿದ್ದರೆ ಉಳಿಯುತ್ತಿತ್ತು, ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಭರಣಿ ಎತ್ತಿಕೊಂಡು ರೂಮಿಗೆ ಹೋದೆ. ಅಲ್ಲೇ ನಿಂತಿದ್ದರೆ ಅತ್ತುಬಿಡುತ್ತಿದ್ದೆ, ಅದು ಅವಳಿಗೆ ಇನ್ನೊಂದು ವಾರಕ್ಕೆ ಮೇವು.

ನಾಲ್ಕು ದಿನ ಬಿಟ್ಟು ಆ ಭಾನುವಾರ. ಭಾನುವಾರ ಎಂದೇ ಇಟ್ಟುಕೊಳ್ಳೋಣ. ಸಂಪಾಜೆಯಲ್ಲಿ ತಮ್ಮನ ಮನೆಯಲ್ಲಿ ಪೂಜೆ ಇತ್ತು. ಅವಳನ್ನು ಕರೆದಿರಲಿಲ್ಲ, ಆದರೂ ಹೊರಟಿದ್ದಳು, ಒಳ್ಳೆಯ ಸೀರೆ ಉಟ್ಟು. ಸಂಜೆ ನಾಲ್ಕರ ಬಸ್ಸು, ಮರುದಿನ ಮಧ್ಯಾಹ್ನ ವಾಪಸು. ಅಡುಗೆಮನೆಯಲ್ಲಿ ನಾನು ನೀರು ಕುಡಿಯುತ್ತಿದ್ದೆ. ಬೇರೆ ಯಾರೂ ಇರಲಿಲ್ಲ, ಹಾಗಾಗಿ ನನಗೆ ಹೇಳಿದಳು.

"ಕನ್ನಡ ಮೇಡಂ, ಈ ಪಾತ್ರೆಗೆ ಸಂಜೆ ಒಂದು ಕುದಿ, ಬೆಳಿಗ್ಗೆ ಒಂದು ಕುದಿ. ಅಷ್ಟೇ. ಪುಸ್ತಕ ಓದಿದವರಿಗೆ ಪಾತ್ರೆ ಇಳಿಸ್ಲಿಕ್ಕೆ ಬರ್ತದಾ?"

"ಬರ್ತದೆ ಅಕ್ಕ."

"ದೋಸೆ ಹಿಟ್ಟು ಅರೆದಿಟ್ಟಿದ್ದೇನೆ, ಬೆಳಿಗ್ಗೆ ಹೊಯ್ದು ಡಬ್ಬಿಗೆ ಹಾಕಿಕೊಳ್ಳಿ ಅಂತ ಮಹಾರಾಣಿಯರಿಗೆ ಹೇಳು. ಕಾಯಿ ಹಾಕುದಿಲ್ಲ ತಾನೆ?"

ಇಲ್ಲ ಎಂದೆ.

ಸಂಜೆ ಪಾತ್ರೆ ಒಲೆಯ ಮೇಲಿಟ್ಟೆ. ಆ ಪಾತ್ರೆ ಹಿಡಿಸದ ಸಣ್ಣ ಫ್ರಿಜ್ಜಿನಲ್ಲಿ ಒಂದು ಬೋಗುಣಿ ಇತ್ತು, ಬೆಳಗಿನ ಅಡುಗೆಗೆ ಅರೆದು ಉಳಿದ ಕಾಯಿ. ಅದನ್ನು ತೆಗೆದೆ. ಪಾತ್ರೆಗೆ ಸುರಿದೆ. ಸೌಟು ಹಾಕಿ ತಿರುಗಿಸಿದೆ. ಕೆಂಪು ಬಣ್ಣ ಸ್ವಲ್ಪ ತಿಳಿಯಾಯಿತು. ಒಂದು ಕುದಿ ಬಂತು, ಇಳಿಸಿದೆ.

ಈ ಏಳು ವಾಕ್ಯಗಳ ಬಗ್ಗೆ ನನಗೆ ಅನುಮಾನವಿಲ್ಲ. ಇವುಗಳ ಹಿಂದೆ ಏನಿತ್ತು ಎನ್ನುವುದನ್ನು ನಾನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆಯಾಗಿ ಹೇಳಿಕೊಂಡಿದ್ದೇನೆ. ಉಳಿದ ಕಾಯಿ ಹಾಳಾಗಬಾರದೆಂದು ಹಾಕಿದೆ, ಅವಳೇ ಕಲಿಸಿದ ಪಾಠ ಅಲ್ಲವೇ, ಎಂದು ಕೆಲವು ಕಾಲ. ಕಾಯಿ ಬಿದ್ದರೆ ಅಮ್ಮ ಮಾಡುತ್ತಿದ್ದ ರುಚಿ ಬರಬಹುದು ಎಂದು ಇನ್ನು ಕೆಲವು ಕಾಲ. ಇದು ಕೇಳಲು ಚೆನ್ನಾಗಿದೆ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಒಂದು ಸಂಗತಿ ಮಾತ್ರ ಎರಡಕ್ಕೂ ಹೊಂದುವುದಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ದೋಸೆಯೊಳಗೆ ಅದನ್ನು ಸುತ್ತಿ ಡಬ್ಬಿ ತುಂಬಿಸಿಕೊಂಡರು. ನಾನು ಆ ದಿನ ಡಬ್ಬಿ ಒಯ್ಯಲಿಲ್ಲ. ಕಾಲೇಜಿನಲ್ಲಿ ಯಾರದೋ ಬೀಳ್ಕೊಡುಗೆಯ ಊಟ ಇತ್ತು ಎಂದು ನೆನಪು. ಯಾರದು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಬೆಳಗಿನ ಕುದಿ ಕೊಟ್ಟೆನೋ ಇಲ್ಲವೋ, ಅದೂ ನೆನಪಿಲ್ಲ.

ಮಧ್ಯಾಹ್ನದ ಮೇಲೆ ಐದು ಜನ ವಾಂತಿ ಮಾಡಿಕೊಂಡರು. ನಾಲ್ವರು ತಮ್ಮ ತಮ್ಮ ಆಫೀಸಿನಲ್ಲಿ. ಪ್ರಮೀಳಾ ಬೆಟ್ಟಂಪಾಡಿಗೆ ಹೋಗುವ ಬಸ್ಸಿನಲ್ಲಿ, ಆ ಸಂಜೆ ಇನ್ನೊಬ್ಬ ಗಂಡು ನೋಡಲು ಬರುವವನಿದ್ದ. ಸೀರೆಯ ಮೇಲೆಯೇ ಆಯಿತಂತೆ. ಅರ್ಧ ದಾರಿಯಲ್ಲಿ ಇಳಿದು, ಯಾರದೋ ಜಗಲಿಯಲ್ಲಿ ಕೂತು, ಮನೆಗೆ ಫೋನ್ ಮಾಡಿ ಗಂಡಿನ ಕಡೆಯವರಿಗೆ ಬರಬೇಡಿ ಎಂದು ಹೇಳಿಸಿ, ವಾಪಸು ಹಾಸ್ಟೆಲಿಗೆ ಬಂದಳು. ಆ ಗಂಡು ಮತ್ತೆ ಬರಲಿಲ್ಲ.

ಸಂಜೆ ಟೀಚರು ನಮ್ಮನ್ನೆಲ್ಲ ಊಟದ ಹಾಲಿಗೆ ಕರೆದರು. ಪಾತ್ರೆ ಮೇಜಿನ ಮೇಲಿತ್ತು. ನೊರೆ ಎದ್ದಿತ್ತು. ಕುವೈತಕ್ಕ ಸಂಪಾಜೆಯಿಂದ ಬಂದು ಸೀರೆಯನ್ನೂ ಬದಲಿಸಿರಲಿಲ್ಲ. ಪೂಜೆಯಲ್ಲಿ ಅವಳಿಗೆ ಎಲೆ ಹಾಕಿದರೋ ಇಲ್ಲವೋ ಯಾರೂ ಕೇಳಲಿಲ್ಲ. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟಳು.

"ಕಾಯಿ ಬಿದ್ದಿದೆ ಇದಕ್ಕೆ."

"ಬೀಳದೆ?" ಎಂದರು ಟೀಚರು. "ಕಾಳಿಗೆ ಕಾಯಿ ಹಾಕದೆ ಇರ್ತಾರಾ?"

"ನಾನು ಹಾಕುದಿಲ್ಲ ಟೀಚರೆ. ಬಂದ ದಿನದಿಂದ ಹಾಕಿಲ್ಲ. ಇವರೇ ಹೇಳ್ಲಿ."

ಯಾರೂ ಹೇಳಲಿಲ್ಲ.

"ಅಲ್ಲ ಮಾರಾಯ್ತಿ," ಟೀಚರು ಬಹಳ ಸಮಾಧಾನದಿಂದ ಹೇಳಿದರು, "ಹೋಗುವ ಗಡಿಬಿಡಿಯಲ್ಲಿ ಹಾಕಿಬಿಟ್ಟಿದ್ದಿ. ಚಿಕ್ಕಂದಿನಿಂದ ಕಾಯಿ ಅರೆದ ಕೈ ಅದು. ನೀನು ಕುವೈತಿಗೆ ಹೋದದ್ದು, ಕೈ ಇಲ್ಲೇ ಉಳಿದಿತ್ತು."

ಎಲ್ಲರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ಕೂತಿದ್ದವರೂ ನಕ್ಕರು. ಬೇರೆ ಯಾವ ಊರಿನಲ್ಲಾದರೂ ಅವಳ ಮಾತು ನಂಬುವಂಥದ್ದೇ. ಇಲ್ಲಿ ಅದು ನೀರು ಹಾಕದೆ ಅನ್ನ ಬೇಯಿಸಿದೆ ಎಂದ ಹಾಗಾಯಿತು. ನಾನು ಕಾಯಿ ಸುರಿಯುವಾಗ ಇದನ್ನು ಲೆಕ್ಕ ಹಾಕಿರಲಿಲ್ಲ ಎಂದು ಹೇಳಬಲ್ಲೆ. ಆದರೆ ಆ ಹಾಲಿನಲ್ಲಿ ನಿಂತಾಗ, ನನ್ನ ಪರವಾಗಿ ಇಡೀ ಊರು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗಿ, ಒಂದು ರೀತಿ ಹಾಯೆನಿಸಿತ್ತು.

ಅವಳು ನನ್ನ ಕಡೆ ತಿರುಗಿದಳು. "ಪಾತ್ರೆ ಇಳಿಸಿದ್ದು ಯಾರು?"

"ನಾನು," ಎಂದೆ. "ಇಳಿಸಿದೆ, ಅಷ್ಟೇ."

ಅವಳು ಬಹಳ ಹೊತ್ತು ನೋಡಿದಳು ಎಂದು ನನ್ನ ನೆನಪು ಹೇಳುತ್ತದೆ. ಬಹುಶಃ ನೋಡಲೇ ಇಲ್ಲ. ಅಷ್ಟರಲ್ಲಿ ಪ್ರಮೀಳಾ ಗೋಡೆಗೆ ಒರಗಿ ಕೂತಲ್ಲಿಂದ ಹೇಳಿದಳು, "ಟೀಚರೆ, ಇವರು ಇದ್ರೆ ನಾನು ಇರುದಿಲ್ಲ." ಮುಗಿಯಿತು.

ಕುವೈತಕ್ಕ ಅಳಲಿಲ್ಲ, ಕೇಳಿಕೊಳ್ಳಲಿಲ್ಲ. ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದಳು. ಬೂದಿ ಹಾಕಿ ಪಾತ್ರೆ ತಿಕ್ಕಿದಳು, ಒಳಗೆ, ಹೊರಗೆ, ಕಂಠದ ಕೆಳಗೆ. ಬೋರಲು ಹಾಕಿದಳು. ಆಮೇಲೆ ಟ್ರಂಕು. ಹೊರಡುವಾಗ ಪ್ರಮೀಳಾಳ ಹತ್ತಿರ ನಿಂತು, "ವಾಂತಿ ಮಾಡದಿದ್ರೂ ಅವ ಚಾ ಕುಡಿದು ಓಡುತ್ತಿದ್ದ" ಎಂದಳು. ಅದು ಅವಳು ಆ ಮನೆಯಲ್ಲಿ ಆಡಿದ ಕೊನೆಯ ಮಾತು. ಇದನ್ನು ಗುಂಪಿನಲ್ಲಿ ಯಾರೂ ಬರೆದಿಲ್ಲ.

ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಗೇಟು ದಾಟಿದಳು. ಇನ್ನೂ ಬೆಳಕಿತ್ತು. ಬಸ್‌ಸ್ಟ್ಯಾಂಡಿನ ಕಡೆಗೆ ಹೋದದ್ದನ್ನು ಮಾಳಿಗೆಯಿಂದ ನೋಡಿದೆವು. ಸಂಪಾಜೆ ಕಡೆಯ ಸುಳ್ಯದ ಬಸ್ಸು ಹತ್ತಿದಳೆಂದು ಒಬ್ಬಳು, ಕಡಬದ ಬಸ್ಸು ಎಂದು ಇನ್ನೊಬ್ಬಳು. ಮಾಳಿಗೆಯಿಂದ ಬಸ್ಸು ಕಾಣುವುದಿಲ್ಲ.

ಮತ್ತೆ ಒಮ್ಮೆ ನೋಡಿದೆ, ನಾಲ್ಕೈದು ವರ್ಷ ಕಳೆದ ಮೇಲೆ, ನೆಟ್ಟಣದ ರೈಲು ನಿಲ್ದಾಣದಲ್ಲಿ. ನನಗೆ ಬೆಂಚು ಬೇಕಿತ್ತು, ಬೆಂಚಿನಲ್ಲಿ ಅವಳಿದ್ದಳು. ತೆಳ್ಳಗಾಗಿದ್ದಳು. ಮಡಿಲಲ್ಲಿ ಸ್ಟೀಲಿನ ಡಬ್ಬಿ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಎಲ್ಲಿದ್ದೀರಿ ಎಂದೂ ಕೇಳಲಿಲ್ಲ. ಅವಳೇ ಕೇಳಿದಳು.

"ಕನ್ನಡ ಮೇಡಂ. ಮದುವೆ ಆಯ್ತಾ?"

"ಆಯ್ತು ಅಕ್ಕ."

"ಪಾಪ, ಯಾರು?"

ನಾನು ಗಂಡನ ಹೆಸರು ಹೇಳಿದೆ. ಅವಳಿಗೆ ಅದು ಬೇಕಿರಲಿಲ್ಲ. ಮಾತು ಮುಂದುವರಿಸಲು ನಾನೇ ಹೇಳಿದೆ, ನಿಮ್ಮ ಆ ಕೆಂಪು ಪದಾರ್ಥ ಈಗಲೂ ಮಾಡುತ್ತೇನೆ, ಭಾನುವಾರ ಮಾಡಿದರೆ ಬುಧವಾರದವರೆಗೆ ಬರುತ್ತದೆ, ಗಂಡನಿಗೂ ಇಷ್ಟ ಎಂದು. ಅದು ನಿಜ. ಈ ವಾರವೂ ಮಾಡಿದ್ದೇನೆ.

"ಕಾಯಿ ಹಾಕುದಿಲ್ಲ ತಾನೆ?" ಎಂದಳು.

"ಇಲ್ಲ" ಎಂದೆ.

ರೈಲು ಬಂತು. ಅದು ನನ್ನದು, ಅವಳದ್ದಲ್ಲ.

ಈ ಪ್ರಶ್ನೆಯನ್ನು ಅವಳು ಎಲ್ಲರಿಗೂ ಕೇಳುತ್ತಿದ್ದಳು, ಮೊದಲೇ ಹೇಳಿದ್ದೇನೆ. ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಮ್ಮನ ಉಪ್ಪಿನಕಾಯಿಯನ್ನು ನಿಜವಾಗಿಯೂ ಬಿಸಾಡಿದಳೋ, ಅದನ್ನೂ ಬೇರೆ ಯಾವುದೋ ಪದಾರ್ಥದಲ್ಲಿ ಕೂಡಿಸಿ ನಮಗೇ ಬಡಿಸಿದಳೋ, ಗೊತ್ತಿಲ್ಲ. ಪ್ರಮೀಳಾಳಿಗೆ ಆ ಗಂಡೇ ಆಗುತ್ತಿತ್ತೋ ಏನೋ. ಅವಳು ಈಗ ಇಬ್ಬರು ಮಕ್ಕಳ ತಾಯಿ, ಗುಂಪಿನಲ್ಲಿ ಕೈಮುಗಿಯುತ್ತಾಳೆ.

ಹೋದ ವಾರದಿಂದ ಕೇಳಬೇಕೆಂದುಕೊಂಡಿರುವುದು ಒಂದೇ. ಟ್ರಂಕು ಹೊತ್ತು ಹೋದ ಆ ದಿನ ಅವಳು ಎಲ್ಲಿ ಮಲಗಿದಳು? ತಮ್ಮನ ಮನೆಯ ಹಟ್ಟಿಯಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ? ಅದರ ಮರುದಿನ? ಸತ್ತದ್ದಾದರೂ ಯಾರ ಮನೆಯಲ್ಲಿ? ಗುಂಪಿನಲ್ಲಿ ಯಾರಿಗಾದರೂ ಗೊತ್ತಿರಬಹುದು. ಎರಡು ಸಲ ಬರೆದು ಅಳಿಸಿದೆ. ನಾನು ಕೇಳಿಲ್ಲ. ಹಾಗಾಗಿ ನನಗೆ ಗೊತ್ತಿಲ್ಲ.